20 ವರ್ಷ ನಡೆದರೆ ದಾರಿ ಎಲ್ಲರದು

ಇವತ್ತಿನದು ಇಂಗ್ಲೆಂಡಿನ ಕಥೆ. ಭಾನುವಾರ ಹತ್ತು ಹದಿನೈದು ಜನ ಸೇರಿ ಕಾಡಿರೋ ಒಂದು ನದಿ ಕಣಿವೆಯಲ್ಲಿ ನಡೀತಾರೆ. ಮಧ್ಯಾಹ್ನ ಪಬ್‌ಗೆ ಹೋಗಿ ಒಟ್ಟಿಗೆ ಊಟ ಮಾಡ್ತಾರೆ. ಅಷ್ಟೇ. ಇದರಲ್ಲೇನು ಇತಿಹಾಸ ಅಂತೀರಾ? ಇದಕ್ಕೋಸ್ಕರ ಜನ ಜೈಲಿಗೆ ಹೋಗಿದ್ದಾರೆ. ಸಂಸತ್ತು ಕಾನೂನು ಮಾಡಿದೆ. ಅಲ್ಲಿ ಇನ್ನೂ ಮುಗಿಯದ ಒಂದು ಜಗಳವೂ ಇದೆ.

ಮೊದಲು ಒಂದು ಪ್ರಶ್ನೆಯಿಂದ ಶುರು ಮಾಡೋಣ.

ಮೂರು ಮೈಲಿಯ ಕಾನೂನು

1880ರ ಒಂದು ಭಾನುವಾರ. ನೀವು ಶೆಫೀಲ್ಡ್ ಊರಿನ ಕಾರ್ಖಾನೆ ಕೆಲಸಗಾರ ಅಂದ್ಕೊಳ್ಳಿ. ಮಧ್ಯಾಹ್ನ ಮೂರೂವರೆ. ಬಾಯಾರಿಕೆ. ನಿಮ್ಮ ಬೀದಿಯ ಪಬ್ ಬಾಗಿಲು ಹಾಕಿದೆ. ಯಾಕಂದ್ರೆ ಭಾನುವಾರ ಪಬ್ ತೆಗೀಬಹುದಾಗಿದ್ದದ್ದು ಮಧ್ಯಾಹ್ನ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ. ಆದರೆ ಅದೇ ಹೊತ್ತಲ್ಲಿ ಊರಾಚೆ ಇರೋ ಒಂದು ಪಬ್‌ನಲ್ಲಿ ನಿಮಗೆ ಊಟನೂ ಸಿಗುತ್ತೆ, ಬಿಯರೂ ಸಿಗುತ್ತೆ. ಹೇಗೆ?

ಉತ್ತರ: ನಡೀಬೇಕು. 1874ರ ಲೈಸೆನ್ಸಿಂಗ್ ಕಾನೂನಿನಲ್ಲಿ 'ನಿಜವಾದ ಪ್ರಯಾಣಿಕ' ಅಂತ ಒಂದು ವಿನಾಯಿತಿ ಇತ್ತು. ಹಿಂದಿನ ರಾತ್ರಿ ನೀವು ಮಲಗಿದ್ದ ಜಾಗ ಆ ಪಬ್‌ನಿಂದ ಕನಿಷ್ಠ ಮೂರು ಮೈಲಿ, ಅಂದ್ರೆ ಸುಮಾರು ಐದು ಕಿಲೋಮೀಟರ್ ದೂರ ಇದ್ದರೆ ನೀವು ಪ್ರಯಾಣಿಕರು. ಮುಚ್ಚಿರಬೇಕಾದ ಹೊತ್ತಲ್ಲೂ ಪಬ್‌ನವನು ನಿಮಗೆ ಬಾಗಿಲು ತೆಗೀಬಹುದು.

ಜನ ಸುಮ್ನೆ ಬಿಡ್ತಾರಾ? ಈ ಊರಿನವರು ಆ ಊರಿಗೆ ನಡೆದು ಕುಡಿದರು, ಆ ಊರಿನವರು ಈ ಊರಿಗೆ ಬಂದು ಕುಡಿದರು. ಇಂಗ್ಲೆಂಡಿನಲ್ಲಿ ಈ ವಿನಾಯಿತಿ 1921ರ ತನಕ ಉಳೀತು.

ತಮಾಷೆ ಪಕ್ಕಕ್ಕಿಡಿ. ಈ ಕಾನೂನಿನ ಹಿಂದೆ ಒಂದು ಹಳೇ ತಿಳಿವಳಿಕೆ ಇತ್ತು. ದಾರಿಹೋಕನಿಗೆ ಊಟ, ತಂಗೋಕೆ ಜಾಗ ಕೊಡೋದು ಛತ್ರದಂಥ ಆ 'ಇನ್'ಗಳ ಕರ್ತವ್ಯ. ಸರಿಯಾದ ಕಾರಣ ಇಲ್ಲದೆ ಹೋಗು ಅನ್ನೋ ಹಾಗಿಲ್ಲ. ಅಂದ್ರೆ ನಡೆದು ಬಂದವನಿಗೆ ಪಬ್‌ನಲ್ಲಿ ಒಂದು ಹಕ್ಕಿತ್ತು. ಆದರೆ ಪಬ್ ತನಕ ನಡೆಯೋಕೆ ದಾರಿ? ಆ ಹಕ್ಕು ಅಷ್ಟು ಸುಲಭಕ್ಕೆ ಇರಲಿಲ್ಲ.

ಬೇಲಿ ಬಂತು, ದಾರಿ ಹೋಯ್ತು

ಇಂಗ್ಲೆಂಡಿನ ಹಳ್ಳಿಗಳಲ್ಲೂ ನಮ್ಮ ಗೋಮಾಳದ ಹಾಗೆ ಊರವರೆಲ್ಲ ದನ ಮೇಯಿಸೋ, ಸೌದೆ ಆರಿಸೋ ಜಮೀನು ಇತ್ತು. 1604ರಿಂದ 1914ರ ತನಕ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಕಾಯ್ದೆಗಳನ್ನ ಮಾಡಿ, ಇಂಥ ಸುಮಾರು 68 ಲಕ್ಷ ಎಕರೆ ಜಮೀನಿಗೆ ಬೇಲಿ ಹಾಕೋಕೆ ಒಪ್ಪಿಗೆ ಕೊಡ್ತು. ಇಂಗ್ಲೆಂಡಿನ ಒಟ್ಟು ನೆಲದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಅದು.

ಜಮೀನಿನ ಜೊತೆ ಕಾಲುದಾರಿಗಳೂ ಹೋದವು. 1815ರ ಒಂದು ಕಾಯ್ದೆ ಪ್ರಕಾರ ಇಬ್ಬರು ಮ್ಯಾಜಿಸ್ಟ್ರೇಟರು ಸಹಿ ಹಾಕಿದ್ರೆ ಸಾಕು, 'ಈ ದಾರಿ ಅನಗತ್ಯ' ಅಂತ ಮುಚ್ಚಿಬಿಡಬಹುದಿತ್ತು. ಮ್ಯಾಜಿಸ್ಟ್ರೇಟರು ಯಾರು? ಹೆಚ್ಚಿನವರು ಅಕ್ಕಪಕ್ಕದ ಜಮೀನ್ದಾರರೇ. ಇವನ ದಾರಿಗೆ ಅವನು ಸಹಿ, ಅವನ ದಾರಿಗೆ ಇವನು ಸಹಿ.

ಇದರ ವಿರುದ್ಧ 1826ರಲ್ಲೇ ಮ್ಯಾಂಚೆಸ್ಟರಿನಲ್ಲಿ ಹಳೇ ಕಾಲುದಾರಿಗಳನ್ನ ಉಳಿಸೋ ಸಂಘ ಹುಟ್ಟಿತು. ಕಾರ್ಖಾನೆ ಊರಿನವರಿಗೆ ಕಾಲುದಾರಿಯ ಚಿಂತೆ ಯಾಕೆ ಅಂತ ಕೇಳಬಹುದು. ಅದಕ್ಕೆ ಕಾರಣ ಅವರ ಶ್ವಾಸಕೋಶ. ಶೆಫೀಲ್ಡ್ ಚಾಕು-ಕತ್ತರಿಗೆ ಹೆಸರಾದ ಊರು. ಅಲ್ಲಿ ಅಲಗು ಮಸೆಯೋರು ದಿನವಿಡೀ ಕಲ್ಲಿನ ಧೂಳು, ಲೋಹದ ಧೂಳು ಕುಡೀತಿದ್ರು. 'ಗ್ರೈಂಡರ್ಸ್ ಆಸ್ತಮಾ' ಅಂತಲೇ ಆ ಕಾಯಿಲೆಗೆ ಹೆಸರು. ಅನೇಕರು ಸಣ್ಣ ವಯಸ್ಸಲ್ಲೇ ಹೋಗ್ತಿದ್ರು. ವಾರದ ಒಂದೇ ರಜೆಯಲ್ಲಿ ಬೆಟ್ಟದ ಗಾಳಿ ಕುಡಿಯೋದು ಅವರಿಗೆ ಶೋಕಿ ಆಗಿರಲಿಲ್ಲ.

ಬೆಟ್ಟ ಹತ್ತಿರಾನೇ ಇತ್ತು. ಶೆಫೀಲ್ಡಿಗೂ ಮ್ಯಾಂಚೆಸ್ಟರಿಗೂ ನಡುವೆ ಇರೋದೇ ಪೀಕ್ ಡಿಸ್ಟ್ರಿಕ್ಟ್. ಆದರೆ ಅಲ್ಲಿನ ಬಯಲುಬೆಟ್ಟಗಳ ತುಂಬಾ ಗ್ರೌಸ್ ಅನ್ನೋ ಹಕ್ಕಿ. ಅದನ್ನ ಹೊಡೆಯೋದು ಶ್ರೀಮಂತರ ಆಟ. ವರ್ಷಕ್ಕೆ ಕೆಲವೇ ದಿನ ನಡೆಯೋ ಆ ಬೇಟೆಗೋಸ್ಕರ ಇಡೀ ಬೆಟ್ಟವನ್ನ ಗೇಮ್‌ಕೀಪರ್ ಅನ್ನೋ ಕಾವಲುಗಾರರು ಕಾಯ್ತಿದ್ರು.

ರೈಲು, ಜಾಹೀರಾತು, ಹದಿನಾಲ್ಕು ಜನ

1894ರಲ್ಲಿ ಎರಡು ಸಂಗತಿ ಆದವು. ಒಂದು, ಶೆಫೀಲ್ಡಿನಿಂದ ಬೆಟ್ಟಗಳ ನಡುವೆ ಹೊಸ ರೈಲು ಮಾರ್ಗ ಶುರುವಾಯ್ತು. ಅದಕ್ಕಾಗಿ ಮೂರೂವರೆ ಮೈಲಿ ಉದ್ದದ ಟಾಟ್ಲಿ ಸುರಂಗ ಕೊರೆದಿದ್ರು. ಸುರಂಗದ ಈ ಕಡೆ ಹೊಗೆ ತುಂಬಿದ ಊರು. ಆ ಕಡೆ ಬಾಯಿ ತೆರೆಯೋದೇ ಗ್ರಿಂಡಲ್‌ಫರ್ಡ್ ಸ್ಟೇಷನ್ನಿನ ಪಕ್ಕ, ಓಕ್ ಕಾಡಿನ ಕಣಿವೆಯಲ್ಲಿ. ಅದೇ ಮಾರ್ಗದಲ್ಲಿ ಮುಂದೆ ಹೋದ್ರೆ ಈಡೇಲ್ ಹಳ್ಳಿ.

ಎರಡನೇದು, ಕಾಲುದಾರಿ ಉಳಿಸೋಕೆ ಒಂದು ಹೊಸ ಸಂಘ ಅದೇ ವರ್ಷ ಹುಟ್ಟಿತು. ಇವತ್ತು ಅದನ್ನ 'ಪೀಕ್ ಅಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ' ಅಂತಾರೆ. ಅದರ ಮೊದಲ ಗೆಲುವು 1897ರಲ್ಲಿ. ಹೇಫೀಲ್ಡ್ ಊರಿನಿಂದ ವಿಲಿಯಂ ಕ್ಲಫ್ ಮೇಲೆ ಹತ್ತಿ, ಆಷಪ್ ನದಿಯ ಕಣಿವೆಗೆ ಇಳಿಯೋ ದಾರಿಯನ್ನ ಜಮೀನ್ದಾರರ ಜೊತೆ ಮಾತಾಡಿ ತೆಗೆಸಿದ್ರು. ಕ್ಲಫ್ ಅಂದ್ರೆ ಆ ಸೀಮೆಯ ಮಾತಲ್ಲಿ ಬೆಟ್ಟದ ಸೀಳಲ್ಲಿ ಹರಿಯೋ ಹಳ್ಳ. ಈ ದಾರಿ ಇಳಿದು ಮುಟ್ಟೋದು ಎಲ್ಲಿಗೆ ಗೊತ್ತಾ? 'ಸ್ನೇಕ್ ಇನ್' ಅನ್ನೋ ಒಂದು ಪಬ್ ಹತ್ತಿರ. ಹಾಗಾಗಿ ದಾರಿಗೂ ಸ್ನೇಕ್ ಪಾತ್ ಅಂತಲೇ ಹೆಸರು.

ಮೂರು ವರ್ಷ ಬಿಟ್ಟು, ಶೆಫೀಲ್ಡಿನ 24 ವರ್ಷದ ಎಂಜಿನಿಯರಿಂಗ್ ಕೆಲಸಗಾರ ಜಿ.ಎಚ್.ಬಿ. ವಾರ್ಡ್ 'ಕ್ಲಾರಿಯನ್' ಅನ್ನೋ ಸಮಾಜವಾದಿ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ರು. ಕಿಂಡರ್ ಸ್ಕೌಟ್ ಬೆಟ್ಟದ ಸುತ್ತ ನಡೆಯೋಣ, ಬರೋರು ಬನ್ನಿ ಅಂತ. 1900ರ ಸೆಪ್ಟೆಂಬರ್ 2, ಭಾನುವಾರ. ಬಂದವರು ವಾರ್ಡ್ ಸೇರಿ ಹದಿನಾಲ್ಕು ಜನ. ಹನ್ನೊಂದು ಗಂಡಸರು, ಮೂವರು ಹೆಂಗಸರು. ಈಡೇಲ್‌ನಲ್ಲಿ ರೈಲಿಳಿದು ಸುಮಾರು 20 ಮೈಲಿ ಸುತ್ತಿದ್ರು.

ಅಲ್ಲಿ ಹುಟ್ಟಿದ್ದೇ ಶೆಫೀಲ್ಡ್ ಕ್ಲಾರಿಯನ್ ರ‍್ಯಾಂಬ್ಲರ್ಸ್. ದುಡಿಯೋ ವರ್ಗದವರೇ ಕಟ್ಟಿದ ಮೊದಮೊದಲ ನಡಿಗೆ ಗುಂಪುಗಳಲ್ಲಿ ಒಂದು. ವಾರ್ಡ್ ಪ್ರತಿವರ್ಷ ಜೇಬಿಗೆ ಹಿಡಿಸೋ ಅಷ್ಟು ಚಿಕ್ಕ ಕೈಪಿಡಿ ಹೊರತರ್ತಿದ್ರು. ಯಾವ ಭಾನುವಾರ ಎಲ್ಲಿಗೆ ನಡಿಗೆ, ಯಾವ ಊರಿನ ಹೆಸರು ಹೇಗೆ ಬಂತು, ಎಲ್ಲಿ ಹಳೇ ದಾರಿ ಇತ್ತು, ಎಲ್ಲಾ ಅದರಲ್ಲಿ. ನೋಡೋಕೆ ನಡಿಗೆಯ ವೇಳಾಪಟ್ಟಿ. ಆದರೆ ಯಾವ ದಾರಿಯಲ್ಲಿ ಜನ ಓಡಾಡ್ತಿದ್ರು ಅನ್ನೋದಕ್ಕೆ ದಾಖಲೆ ಕೂಡ.

ಪಬ್‌ನ ಯಾವ ಕೋಣೆ?

ಆ ಮೂವರು ಹೆಂಗಸರ ವಿಷಯಕ್ಕೆ ಒಂದು ನಿಮಿಷ ನಿಲ್ಲೋಣ. ನಡಿಗೆ ಮುಗಿಸಿ ಪಬ್‌ಗೆ ಹೋಗೋದು ಅವತ್ತು ಎಲ್ಲರಿಗೂ ಒಂದೇ ಥರ ಇರಲಿಲ್ಲ. ಯಾರು ಯಾವ ಕೋಣೆಯಲ್ಲಿ ಕೂರಬೇಕು ಅನ್ನೋದಕ್ಕೆ ಲೆಕ್ಕ ಇತ್ತು. ಒಂದು ಕೋಣೆ ಕೆಲಸಗಾರರಿಗೆ, ಒಂದು 'ಮರ್ಯಾದಸ್ಥ'ರಿಗೆ.

ಅವರು ನಡೆಯೋಕೆ ಎರಡು ವರ್ಷ ಮುಂಚೆ, ಅಂದ್ರೆ 1898ರಲ್ಲಿ, ದಕ್ಷಿಣದ ಸರ‍್ರೆ ಜಿಲ್ಲೆಯ ಆಕಮ್ ಅನ್ನೋ ಊರಲ್ಲಿ ಲೇಡಿ ಹಾರ್ಬರ್ಟನ್ ಅನ್ನೋರು ಸೈಕಲ್ ತುಳ್ಕೊಂಡು ಬಂದು ಊಟ ಕೇಳಿದ್ರು. ಉದ್ದ ಲಂಗದ ಬದಲು ಮೊಣಕಾಲ ಕೆಳಗೆ ಕಟ್ಟೋ ಸಡಿಲ ಚಡ್ಡಿ ಹಾಕಿದ್ರು. ಹೋಟೆಲ್‌ನ ಒಡತಿ, ಈ ಬಟ್ಟೆಯಲ್ಲಿ ಕಾಫಿ ರೂಮಿಗೆ ಬಿಡಲ್ಲ, ಬೇಕಿದ್ರೆ ಬಾರ್ ಪಕ್ಕದ ಕೋಣೆಯಲ್ಲಿ ಕೂತು ತಿನ್ನಿ ಅಂದ್ರು. ಪ್ರಯಾಣಿಕರಿಗೆ ಊಟ ನಿರಾಕರಿಸಿದ್ರು ಅಂತ ಕೇಸ್ ಕೋರ್ಟಿಗೆ ಹೋಯ್ತು. 1899ರಲ್ಲಿ ಗೆದ್ದದ್ದು ಒಡತಿಯೇ. ಬೇರೆ ಕೋಣೆಯಲ್ಲಾದ್ರೂ ಊಟ ಕೊಡ್ತೀನಿ ಅಂದಿದ್ರಲ್ಲ, ಹಾಗಾಗಿ ನಿರಾಕರಣೆ ಅಲ್ಲ ಅಂತ ತೀರ್ಪು.

ಇದೆಲ್ಲ ತಾತನ ಕಾಲದ ಕಥೆ ಅಂದ್ಕೋಬೇಡಿ. ಬಾರ್ ಮುಂದೆ ನಿಂತು ಕುಡಿಯೋಕೆ ಹೆಂಗಸರಿಗೆ ಕೊಡಲ್ಲ ಅಂತಿದ್ದ ಲಂಡನ್ನಿನ ಒಂದು ವೈನ್ ಬಾರ್‌ಗೆ, ಅದು ತಾರತಮ್ಯ ಅಂತ ಕೋರ್ಟ್ ಹೇಳಿದ್ದು 1982ರಲ್ಲಿ.

ಪ್ಯಾಡ್ಲಿ ಕಣಿವೆ

ಈಗ ಸುರಂಗದ ಬಾಯಿಗೆ, ಗ್ರಿಂಡಲ್‌ಫರ್ಡ್ ಸ್ಟೇಷನ್ನಿಗೆ ವಾಪಸ್ ಬರೋಣ. ಈ ಜಾಗ ನನಗೆ ಗೊತ್ತು. ಶೆಫೀಲ್ಡಲ್ಲಿ ಒಂದು ವರ್ಷ ಓದ್ತಿದ್ದಾಗ ಭಾನುವಾರದ ಒಂದು ನಡಿಗೆ ಗುಂಪಿನ ಜೊತೆ ನಾನು ಇಲ್ಲಿ ಹಲವು ಸಲ ನಡೆದಿದ್ದೀನಿ.

ಸ್ಟೇಷನ್ ದಾಟಿ ಹತ್ತು ನಿಮಿಷಕ್ಕೆ ಪ್ಯಾಡ್ಲಿ ಗಾರ್ಜ್ ಶುರು. ಬರ್ಬೇಜ್ ಬ್ರೂಕ್ ಅನ್ನೋ ಹೊಳೆ ದೊಡ್ಡ ದೊಡ್ಡ ಬಂಡೆಗಳ ನಡುವೆ ಧುಮುಕ್ತಾ ಇಳಿಯುತ್ತೆ. ಎರಡೂ ಕಡೆ ಸೊಟ್ಟಸೊಟ್ಟಗೆ ಬೆಳೆದ ಹಳೇ ಓಕ್ ಮರಗಳು, ಕಲ್ಲಿನ ಮೇಲೆಲ್ಲ ದಪ್ಪ ಪಾಚಿ. ನಮ್ಮ ಮಲೆನಾಡಿನ ಕಾಡಿನಷ್ಟು ಎತ್ತರ ಇಲ್ಲ, ಕತ್ತಲೂ ಇಲ್ಲ. ಸುತ್ತಮುತ್ತ ಅಲ್ಲಲ್ಲಿ ಕಡೆದು ಹಾಗೇ ಬಿಟ್ಟುಹೋದ ಬೀಸೋ ಕಲ್ಲುಗಳು ಬಿದ್ದಿವೆ. ಇದೇ ಗುಂಡುಕಲ್ಲು ಇವತ್ತು ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಲಾಂಛನ.

ನಮ್ಮ ಗುಂಪಲ್ಲಿ ನಿವೃತ್ತ ನರ್ಸ್, ಬಸ್ ಡ್ರೈವರ್, ನೈಜೀರಿಯಾದ ಸಂಶೋಧನಾ ವಿದ್ಯಾರ್ಥಿ, ಹೀಗೆ ಎಲ್ಲಾ ಥರದವರು. ಮುಂದೆ ನಡೀತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ಮೇಡಂ. ಅವರ ಚೀಲದಲ್ಲಿ ಯಾವಾಗ್ಲೂ ಗಿಡ ಕತ್ತರಿಸೋ ಕತ್ತರಿ. ಮಲೆನಾಡಲ್ಲಿ ತಡಬೆ ಅಂತಾರಲ್ಲ, ಬೇಲಿ ದಾಟೋಕೆ ಇಡೋ ಮೆಟ್ಟಿಲು, ಅಂಥ ಜಾಗದಲ್ಲಿ ಮುಳ್ಳು ಬೆಳೆದಿದ್ರೆ ನಿಂತು ಕತ್ತರಿಸೋರು. ಒಂದಿನ ಜನ ಓಡಾಡೋ ಒಳ್ಳೇ ದಾರಿ ಬಿಟ್ಟು, ಹೊಲದ ಅಂಚಿನ ಒಂದು ಕೆಸರು ದಾರಿಗೆ ಕರ್ಕೊಂಡು ಹೋದ್ರು. ಇಲ್ಲಿ ಯಾಕೆ ಅಂತ ಕೇಳಿದೆ. "ನಾವು ವರ್ಷಕ್ಕೆ ಒಂದ್ಸಲನಾದ್ರೂ ಬರ್ಲಿಲ್ಲ ಅಂದ್ರೆ ಇಲ್ಲಿ ದಾರಿ ಇತ್ತು ಅನ್ನೋದೇ ಜನಕ್ಕೆ ಮರೆತುಹೋಗುತ್ತೆ" ಅಂದ್ರು. ಆ ಮಾತಿಗೆ ಎಷ್ಟು ತೂಕ ಇದೆ ಅನ್ನೋದಕ್ಕೆ ಸ್ವಲ್ಪ ಹೊತ್ತಲ್ಲಿ ಬರ್ತೀನಿ.

ಕಣಿವೆ ಹತ್ತಿ ಮೇಲೆ ಬಂದ್ರೆ ಲಾಂಗ್‌ಶಾ ಎಸ್ಟೇಟ್. ಒಂದು ಕಾಲಕ್ಕೆ ರಟ್‌ಲಂಡ್ ಡ್ಯೂಕ್‌ನ ಬೇಟೆ ಜಾಗ. 1927ರಲ್ಲಿ ಎಸ್ಟೇಟ್ ಮಾರಾಟಕ್ಕೆ ಬಂತು. ಕಟ್ಟಡ ಕಟ್ಟೋರ ಕೈಗೆ ಸಿಕ್ಕಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.

ಇಲ್ಲಿ ಒಬ್ಬ ಹೆಣ್ಣುಮಗಳು ಬರ್ತಾರೆ. ಎಥೆಲ್ ಗ್ಯಾಲಿಮೋರ್. ಮೊದಲನೇ ಮಹಾಯುದ್ಧದಲ್ಲಿ ಗಂಡ ತೀರಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸು. ದುಃಖದಿಂದ ಹೊರಬರೋಕೆ ಮನೆಯವರು ಅವರನ್ನ ಈ ಬೆಟ್ಟ ಕಣಿವೆಗಳಲ್ಲಿ ನಡೆಯೋಕೆ ಕರ್ಕೊಂಡು ಹೋಗ್ತಿದ್ರು. ಆ ನಡಿಗೆಯೇ ಅವರನ್ನ ಎತ್ತಿ ನಿಲ್ಲಿಸಿತು. 1924ರಲ್ಲಿ ಶೆಫೀಲ್ಡ್ ಸುತ್ತಲಿನ ಹಳ್ಳಿ, ಬೆಟ್ಟ, ಕಾಡು ಉಳಿಸೋಕೆ ಸಂಘ ಕಟ್ಟಿದ್ರು. ಲಾಂಗ್‌ಶಾ ಮಾರಾಟಕ್ಕೆ ಬಂದಾಗ ಅವರ ಸಂಘ, ವಾರ್ಡ್‌ ಥರದ ನಡಿಗೆಯವರು, ಊರವರು ಸೇರಿ ಚಂದಾ ಎತ್ತಿ 747 ಎಕರೆ ಕೊಂಡ್ರು. 1931ರಲ್ಲಿ ಅದನ್ನ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದ್ರು. ಇವತ್ತು ಪ್ಯಾಡ್ಲಿ ಗಾರ್ಜ್ ಕೂಡ ಆ ಟ್ರಸ್ಟ್‌ನ ಲಾಂಗ್‌ಶಾ ಎಸ್ಟೇಟಿನ ಭಾಗ.

ನಡಿಗೆ ಮುಗಿಯೋದು ಲಾಂಗ್‌ಶಾ ಅಂಚಿನ ಫಾಕ್ಸ್ ಹೌಸ್ ಅನ್ನೋ ಹಳೇ ಪಬ್‌ನಲ್ಲಿ. ಪಬ್ ಅಂದ ತಕ್ಷಣ ಬೆಂಗಳೂರಿನ ಡಿಜೆ, ನಿಯಾನ್ ಲೈಟು ನೆನಪಿಸ್ಕೋಬೇಡಿ. ಇದು ಊರ ಅಂಗಳದ ಥರ. ಅಜ್ಜಿ ಇರ್ತಾರೆ, ಮಗು ಇರುತ್ತೆ, ಮೇಜಿನ ಕೆಳಗೆ ನಾಯಿ ಮಲಗಿರುತ್ತೆ. ಕೌಂಟರಿಗೆ ಹೋಗಿ ನಾವೇ ಆರ್ಡರ್ ಮಾಡಬೇಕು. ಭಾನುವಾರ ಅಂದ್ರೆ ರೋಸ್ಟ್: ಸುಟ್ಟ ಮಾಂಸ, ಆಲೂಗಡ್ಡೆ, ಉಬ್ಬಿದ ಯಾರ್ಕ್‌ಷೈರ್ ಪುಡಿಂಗ್, ಮೇಲೆ ಗ್ರೇವಿ. ನನ್ನಂಥ ಸಸ್ಯಾಹಾರಿಗೆ ಮಾಂಸದ ಬದಲು ಕಾಯಿಬೀಜಗಳ ನಟ್ ರೋಸ್ಟ್. ಬಿಯರ್ ಕುಡಿಯೋರ ಪಕ್ಕದಲ್ಲೇ ಟೀ ಕುಡಿಯೋರು. ಎಲ್ಲರ ಬೂಟಿನಲ್ಲೂ ಅದೇ ಕೆಸರು. ನರ್ಸ್ ಮತ್ತು ಡ್ರೈವರ್ ಇಬ್ಬರೂ ಬಾರ್ ಮುಂದೆ ನಿಂತು ಮೆನು ಬಗ್ಗೆ ವಾದ ಮಾಡ್ತಿದ್ರು. ಯಾರು ಯಾವ ಕೋಣೆ ಅಂತ ಯಾರೂ ಕೇಳಲಿಲ್ಲ.

ಒಂದೇ ವರ್ಷ: ಒಂದು ಕೇಸು, ಒಂದು ಕಾಯ್ದೆ

ಈಗ 1932ಕ್ಕೆ ಬರೋಣ. ಏಪ್ರಿಲ್ 24, ಭಾನುವಾರ. ಮ್ಯಾಂಚೆಸ್ಟರಿನ 20 ವರ್ಷದ ಹುಡುಗ ಬೆನ್ನಿ ರಾತ್‌ಮನ್ ಮತ್ತು ಅವನ ಗೆಳೆಯರ ಮುಂದಾಳತ್ವದಲ್ಲಿ ಸುಮಾರು 400 ಯುವಕ ಯುವತಿಯರು ಹೇಫೀಲ್ಡಿನಿಂದ ಹೊರಟ್ರು. ವಿಲಿಯಂ ಕ್ಲಫ್ ಹಳ್ಳದ ಗುಂಟ, ಅದೇ 1897ರ ದಾರಿಯಲ್ಲಿ. ದಾರಿ ಮೇಲೆ ಇರೋ ತನಕ ಎಲ್ಲಾ ಸರಿ. ಒಂದು ಜಾಗದಲ್ಲಿ ಬೇಕಂತಲೇ ದಾರಿ ಬಿಟ್ಟು, ನಿಷೇಧ ಇದ್ದ ಕಿಂಡರ್ ಬೆಟ್ಟದ ಕಡೆ ಹತ್ತಿದ್ರು. ಕಾವಲುಗಾರರ ಜೊತೆ ತಳ್ಳಾಟ ಆಯ್ತು. ವಾಪಸ್ ಬಂದಾಗ ಪೊಲೀಸರು ಕೆಲವರನ್ನ ಹಿಡಿದ್ರು.

ಬರೀ ಬೇರೆಯವರ ಜಮೀನಿಗೆ ಕಾಲಿಟ್ಟದ್ದು ಅಪರಾಧ ಆಗಿರಲಿಲ್ಲ. ಹಾಗಾಗಿ ಗಲಭೆ, ಹಲ್ಲೆ ಅಂತ ಕೇಸು. ಐದು ಜನಕ್ಕೆ ಎರಡರಿಂದ ಆರು ತಿಂಗಳ ಜೈಲು, ರಾತ್‌ಮನ್‌ಗೆ ನಾಲ್ಕು ತಿಂಗಳು. ಆಗಿನ ನಡಿಗೆ ಸಂಘಗಳ ಹಿರಿಯರಿಗೆ ಇದು ಇಷ್ಟವಾಗಿರಲಿಲ್ಲ. ಮಾತುಕತೆಯಿಂದ ಆಗೋ ಕೆಲಸ ಕೆಡುತ್ತೆ ಅಂದ್ರು. ಆದರೆ ಜೈಲು ಶಿಕ್ಷೆ ನೋಡಿ ಊರೂರಲ್ಲಿ ಸಿಟ್ಟೆದ್ದಿತು. 70 ವರ್ಷ ಆದ್ಮೇಲೆ, 2002ರಲ್ಲಿ, ಆ ಬೆಟ್ಟ ಹಿಂದೆ ಯಾರ ಮನೆತನದ್ದಾಗಿತ್ತೋ ಆ ಡೆವನ್‌ಷೈರ್ ಡ್ಯೂಕ್ ಬಂದು ತನ್ನ ಅಜ್ಜನ ಕಾಲದ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿದ್ರು.

ಈ ಕಥೆ ಇಂಗ್ಲೆಂಡಲ್ಲಿ ಎಲ್ಲರಿಗೂ ಗೊತ್ತು. ಹಾಡಾಗಿದೆ, ಫಲಕ ಹಾಕಿದ್ದಾರೆ. ಆದರೆ ಅದೇ 1932ರಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ಆಯ್ತು. ಸಂಸತ್ತು ದಾರಿ ಹಕ್ಕಿನ ಕಾಯ್ದೆ ಪಾಸು ಮಾಡ್ತು. ಅದರ ಸಾರ ಇಷ್ಟು: ಒಂದು ದಾರಿಯಲ್ಲಿ ಜನ 20 ವರ್ಷ ಅಡ್ಡಿಯಿಲ್ಲದೆ, ಯಾರ ಅಪ್ಪಣೆಯೂ ಕೇಳದೆ, ಬಹಿರಂಗವಾಗಿ ನಡೆದಿದ್ರೆ, ಅದು ಸಾರ್ವಜನಿಕ ದಾರಿ ಅಂತ ಕಾನೂನು ಒಪ್ಪುತ್ತೆ. ಬೇಡ ಅನ್ನೋದಾದ್ರೆ ತಾನು ಆ ದಾರಿಯನ್ನ ಜನರಿಗೆ ಬಿಟ್ಟುಕೊಟ್ಟಿಲ್ಲ ಅಂತ ಜಮೀನಿನ ಮಾಲೀಕನೇ ತೋರಿಸಬೇಕು. ಈ ನಿಯಮ ಇವತ್ತಿಗೂ ಜಾರಿಯಲ್ಲಿದೆ.

ಯೋಚನೆ ಮಾಡಿ. ಮೆರವಣಿಗೆ ಬೇಡ, ಘೋಷಣೆ ಬೇಡ. ಕಾಲೇ ಸಾಕ್ಷಿ. ಭಾನುವಾರದ ಗುಂಪು, ಅದರ ವೇಳಾಪಟ್ಟಿ, ತೆಗೆದ ಫೋಟೋ, ಅಜ್ಜಿಯ ನೆನಪು, ಇವೆಲ್ಲ ದಾಖಲೆ ಆಗಬಲ್ಲವು.

ಕಾಡು, ನದಿ ಇನ್ನೂ ಹೊರಗೇ

1949ರ ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಮಾಡ್ತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯ್ತು. ನಮ್ಮ ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ಗುರುತಿಸಿರ್ತಾರಲ್ಲ, ಹಾಗೆ ಪ್ರತಿ ಕೌನ್ಸಿಲ್ ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ ಮಾಡಬೇಕು ಅಂತಲೂ ಅದೇ ಕಾಯ್ದೆ ಹೇಳ್ತು. ಇವತ್ತು ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 1,40,000 ಮೈಲಿ ದಾರಿ ಆ ನಕ್ಷೆಗಳಲ್ಲಿದೆ.

ಆಮೇಲೆ 2000ದ ಕಾಯ್ದೆ ಬಂತು. ದಾರಿ ಬಿಟ್ಟು ಎಲ್ಲಿ ಬೇಕಾದ್ರೂ ಅಲೆಯೋ ಹಕ್ಕು ಕೊಡ್ತು. ಆದರೆ ಎಲ್ಲಿ? ಬೆಟ್ಟ, ಬಯಲು, ಕುರುಚಲು ಪ್ರದೇಶ, ನೋಂದಾಯಿತ ಗೋಮಾಳಗಳಲ್ಲಿ. ಇಂಗ್ಲೆಂಡಿನ ನೆಲದ ಸುಮಾರು ಶೇ 8ರಷ್ಟು. ಖಾಸಗಿ ಕಾಡುಗಳು ಮತ್ತು ನದಿದಂಡೆಗಳು ಆ ಪಟ್ಟಿಯಲ್ಲಿ ಇಲ್ಲ. ಪಕ್ಕದ ಸ್ಕಾಟ್ಲೆಂಡ್ 2003ರಲ್ಲೇ ಕಾಡು, ನದಿ, ಕೆರೆ ಸೇರಿಸಿ ಬಹುಪಾಲು ನೆಲದಲ್ಲಿ ಓಡಾಡೋ ಹಕ್ಕು ಕೊಟ್ಟಿದೆ. ಇಂಗ್ಲೆಂಡ್ ಕೊಟ್ಟಿಲ್ಲ.

ಹಾಗಾಗಿ ಇಂಗ್ಲೆಂಡಿನ ಎಷ್ಟೋ ನದಿ ಕಣಿವೆಯ ಕಾಡುಗಳಲ್ಲಿ ನಡೆಯೋ ಗುಂಪಿಗೆ ಇರೋದು ನಕ್ಷೆಯ ಮೇಲಿನ ಒಂದು ಚುಕ್ಕೆಗೆರೆ ಅಷ್ಟೇ. ಅದರಿಂದ ಹತ್ತು ಹೆಜ್ಜೆ ಪಕ್ಕಕ್ಕೆ ಹೋದ್ರೆ ಅದು ಯಾರದೋ ಜಾಗ. ಆ ಗೆರೆ ನಕ್ಷೆಯಲ್ಲೇ ಇಲ್ಲದಿದ್ರೆ? ಹಳೇ ನಕ್ಷೆಗಳನ್ನ ಹೋಲಿಸಿ ನೋಡಿದ ರ‍್ಯಾಂಬ್ಲರ್ಸ್ ಸಂಘ, 49,000 ಮೈಲಿಗೂ ಹೆಚ್ಚು ದಾರಿ ಅಧಿಕೃತ ನಕ್ಷೆಯಿಂದ ಬಿಟ್ಟುಹೋಗಿರಬಹುದು ಅಂತ 2020ರಲ್ಲಿ ಹೇಳ್ತು. ಅವನ್ನ ಸೇರಿಸೋಕೆ ಮೊದಲು 2026ರ ಗಡುವು ಇತ್ತು, ಆಮೇಲೆ ಇಂಗ್ಲೆಂಡಿನಲ್ಲಿ 2031 ಅಂದ್ರು. 2024ರ ಡಿಸೆಂಬರಿನಲ್ಲಿ ಸರ್ಕಾರ ಗಡುವನ್ನೇ ತೆಗೀತೀವಿ ಅಂತ ಪ್ರಕಟಿಸಿತು. ಗಡುವು ಇರಲಿ ಬಿಡಲಿ, ಹಳೇ ದಾರಿಗೆ ಸಾಕ್ಷಿ ಹುಡುಕಿ ಅರ್ಜಿ ಹಾಕೋ ಕೆಲಸ ಮಾತ್ರ ಯಾರಾದ್ರೂ ಮಾಡಲೇಬೇಕು. ಇವತ್ತು ಅದನ್ನ ಮಾಡ್ತಿರೋರಲ್ಲಿ ಬಹಳ ಜನ ಸಂಬಳ ಇಲ್ಲದ ಸ್ವಯಂಸೇವಕರು.

ಆ ಮೇಡಂ ಕೆಸರು ದಾರಿಗೆ ಯಾಕೆ ಕರ್ಕೊಂಡು ಹೋದ್ರು ಅಂತ ಈಗ ನಿಮಗೂ ಗೊತ್ತಾಗಿರಬೇಕು. ನಕ್ಷೆಯಲ್ಲಿ ಇರೋ ದಾರಿಯ ಹಕ್ಕು ಯಾರೂ ನಡೀಲಿಲ್ಲ ಅಂತ ಕಾನೂನಿನಲ್ಲಿ ಸಾಯಲ್ಲ. ಆದರೆ ನೆಲದ ಮೇಲೆ ಸಾಯುತ್ತೆ. ಮೊದಲು ಮುಳ್ಳು ಬೆಳೆಯುತ್ತೆ, ಆಮೇಲೆ ಗೇಟಿಗೆ ಬೀಗ ಬೀಳುತ್ತೆ. ಆಮೇಲೆ, ಇಲ್ಲಿ ದಾರಿ ಎಲ್ಲಿತ್ತು ಅಂತ ಕೇಳೋರು ಬರ್ತಾರೆ. ನಕ್ಷೆಯಲ್ಲಿ ಇಲ್ಲದ ದಾರಿಗಂತೂ ನಡೆದವರ ಸಾಕ್ಷಿ ಬಿಟ್ಟರೆ ಬೇರೆ ಗತಿ ಕಡಿಮೆ.

ಜೈಲಿಗೆ ಹೋದ ರಾತ್‌ಮನ್ ದೊಡ್ಡವನೇ, ಅನುಮಾನ ಇಲ್ಲ. ಆದರೆ ಪ್ರತಿ ಭಾನುವಾರ ಬೂಟು ಕಟ್ಟಿ, ಮಳೆಯಲ್ಲಿ ನಡೆದು, ಪಬ್‌ನಲ್ಲಿ ಬೆಚ್ಚಗೆ ಊಟ ಮಾಡಿ, ಮುಂದಿನ ವಾರ ಎಲ್ಲಿಗೆ ಅಂತ ತೀರ್ಮಾನ ಮಾಡಿ ಮನೆಗೆ ಹೋದ ಸಾವಿರಾರು ಜನರ ಹೆಸರು ಯಾವ ಫಲಕದ ಮೇಲೂ ಇಲ್ಲ. ದಾರಿಗಳು ಉಳಿದಿರೋದು ಅವರಿಂದಲೂ ಹೌದು. ಆ ಊಟದ ಮೇಜು ಇಲ್ಲದಿದ್ರೆ ಅವರು ಅಷ್ಟು ವರ್ಷ ಒಟ್ಟಿಗೆ ನಡೀತಿದ್ರಾ ಅನ್ನೋದು ನನ್ನ ಅನುಮಾನ.

ಇಂಗ್ಲೆಂಡಲ್ಲಿ ಓದ್ತಾ ಇಲ್ಲಾ ಕೆಲಸ ಮಾಡ್ತಾ ಈ ಪಾಡ್‌ಕಾಸ್ಟ್ ಕೇಳ್ತಿರೋ ನಮ್ಮವರು ಇದ್ದೀರಿ. ನಿಮ್ಮೂರಲ್ಲೂ ಇಂಥ ಒಂದು ಭಾನುವಾರದ ಗುಂಪು ಇದ್ದೇ ಇರುತ್ತೆ. ಹೆಚ್ಚಿನ ಕಡೆ ಹೊಸಬರು ಒಂದೆರಡು ಸಲ ಸುಮ್ನೆ ಬಂದು ನಡೀಬಹುದು. ಮಳೆಕೋಟು ಮರೀಬೇಡಿ.

ಈ ಸಂಚಿಕೆ ಇಷ್ಟ ಆದ್ರೆ ಜೊತೆಗೆ ನಡೆಯೋ ಒಬ್ಬ ಗೆಳೆಯರಿಗೆ, ಗೆಳತಿಗೆ ಕಳಿಸಿ.